ಎಂಬತ್ತೇಳನೇ ಮೆಟ್ಟಿಲಿನ ಮನೆ

ಬಸ್ಸು ನಿಲ್ಲುವ ಬಯಲಿನಿಂದ ಎಣಿಸುತ್ತಾ ಹತ್ತಿದರೆ ಎಂಬತ್ತೇಳನೇ ಮೆಟ್ಟಿಲಿನ ಎಡಕ್ಕೆ ಬೆತ್ತದಕ್ಕನ ಮನೆ. ಎಣಿಸಿಟ್ಟವನು ಅವಳ ಗಂಡ. ಆ ಬೀದಿಯ ಮೆಟ್ಟಿಲುಗಳಲ್ಲಿ ಅರ್ಧಕ್ಕರ್ಧ ಅವನ ಕೈಯಲ್ಲೇ ಕೂತ ಕಲ್ಲುಗಳು; ಅವನನ್ನು ಎಲ್ಲರೂ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು. ಗುಡ್ಡದ ಮೈಗೆ ಅಂಟಿಕೊಂಡು ಡೊಂಕು ಡೊಂಕಾಗಿ ಏರುವ ಬೀದಿ ಅದು. ಎರಡು ಕೊಡೆ ಎದುರಾದರೆ ಒಂದನ್ನು ಮಡಚಲೇಬೇಕು. ಬೆತ್ತದಕ್ಕ ಇಪ್ಪತ್ತೆರಡರ ವಯಸ್ಸಿಗೆ ಮದುವೆಯಾಗಿ ಬಂದಾಗ ಅಲ್ಲಿ ಚಪ್ಪಲಿ ಹೊಲಿಯುವವನಿದ್ದ, ಹಿಟ್ಟಿನ ಗಿರಣಿ ಇತ್ತು, ಜಗಳಕ್ಕೂ ರಾಜಿಗೂ ಅಕ್ಕಪಕ್ಕದವರಿದ್ದರು. ತವರಿನಿಂದ ಅವಳು ತಂದದ್ದು ಒಂದು ಟ್ರಂಕು ಬಟ್ಟೆ ಮತ್ತು ಅಪ್ಪ ಕಲಿಸಿಕೊಟ್ಟ ಬೆತ್ತ ಹೆಣೆಯುವ ಕೆಲಸ. ಹೊಸಿಲ ಪಕ್ಕದಲ್ಲಿ ಒಂದು ತೊಟ್ಟಿ ನೀರು, ಅದರಲ್ಲಿ ನೆನೆಹಾಕಿದ ಬೆತ್ತದ ಸೀಳು, ತೊಡೆಯ ಮೇಲೆ ಯಾರದೋ ಮನೆಯ ಹರಿದ ಕುರ್ಚಿ. ಹೀಗೇ ಇಪ್ಪತ್ತು ವರ್ಷ ಕಳೆಯಿತು. ಮಕ್ಕಳಾಗಲಿಲ್ಲ. ಅದಕ್ಕೆ ಮೊದಮೊದಲು ಇಬ್ಬರೂ ಅತ್ತರು, ಆಮೇಲೆ ಆ ಮಾತೇ ಬಿಟ್ಟರು.

ಬೀದಿ ಹಳೆಯದು ಅಂತ ಎಲ್ಲರಿಗೂ ಗೊತ್ತಿತ್ತು. ಹಳೆಯದು ಅಂದರೆ ಸೂರು ಸೋರುತ್ತದೆ, ಗೋಡೆ ಉದುರುತ್ತದೆ ಅಂತ ಅರ್ಥ. ಅದು ನೋಡಿ ಖುಷಿಪಡುವ ವಸ್ತು ಅಂತ ಗೊತ್ತಾದದ್ದು ಹಳೆಯ ಬೀದಿಗಳನ್ನು ಕಾಪಾಡುವ ಸಮಿತಿಯವರು ಬಂದ ಮೇಲೆ. ಅವರು ಗೋಡೆಗಳಿಗೆ ಸುಣ್ಣ ಬಳಿಸಿದರು, ಕರೆಂಟಿನ ತಂತಿಗಳನ್ನು ಮಣ್ಣಿನಡಿ ಹೂಳಿಸಿದರು, ಬಾಗಿಲುಗಳಿಗೆಲ್ಲ ಒಂದೇ ಹಸಿರು ಹಚ್ಚಿಸಿದರು. ಪ್ರತಿ ಮನೆಯವರಿಂದಲೂ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಸೂರು ಬಿಟ್ಟಿಯಾಗಿ ರಿಪೇರಿ ಆಗುತ್ತದಲ್ಲ ಅಂತ ಮೇಸ್ತ್ರಿ ಕಣ್ಣುಮುಚ್ಚಿ ಸಹಿ ಹಾಕಿದ. ಬೆತ್ತದಕ್ಕನೂ ಹಾಕಿದಳು. ಮೆಟ್ಟಿಲುಗಳಿಗೆ ಹೊಸ ಕಲ್ಲು ಕೂರಿಸುವ ಕೆಲಸವೂ ಅವನಿಗೇ ಸಿಕ್ಕಿತು.

"ಮೇಲ್ಮೈ ಒರಟಾಗಿ ಬಿಡೋಣ ಸ್ವಾಮಿ, ಇಲ್ಲದಿದ್ರೆ ನೀರು ಬಿದ್ದಾಗ ಕಾಲು ನಿಲ್ಲಲ್ಲ" ಅಂತ ಅವನು ಸಮಿತಿಯ ಕಾರ್ಯದರ್ಶಿಗೆ ಹೇಳಿದ್ದ.

"ನುಣುಪಾಗಿದ್ರೆ ಚೆನ್ನಾಗಿ ಕಾಣುತ್ತೆ ಮೇಸ್ತ್ರಿ. ನೂರಾರು ವರ್ಷ ಜನ ತುಳಿದು ಸವೆಸಿದ ಹಾಗಿರಬೇಕು" ಅಂದ ಕಾರ್ಯದರ್ಶಿ.

ಮೇಸ್ತ್ರಿ ಹಾಗೇ ಮಾಡಿಕೊಟ್ಟ.

ಜನ ಬರತೊಡಗಿದರು. ಮೊದಲು ಹತ್ತು, ಆಮೇಲೆ ನೂರು, ಆಮೇಲೆ ರಜೆಯ ದಿನ ಬಂತೆಂದರೆ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಚಪ್ಪಲಿಯವನು ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಹೋದ. ಗಿರಣಿ ಕಾಫಿ ಅಂಗಡಿಯಾಯಿತು. ಅಕ್ಕಪಕ್ಕದ ಮನೆಗಳು ಒಂದೊಂದಾಗಿ ವಸತಿಗೃಹಗಳಾದವು. ಜಗಳಕ್ಕೂ ಜನ ಇಲ್ಲದ ಹಾಗಾಯಿತು. ಒಲೆ ಹಚ್ಚಿ ಅಡುಗೆ ಮಾಡಿ ಉಣ್ಣುವ ಮನೆ ಅಂತ ಉಳಿದದ್ದು ಮೂರು. ಅದರಲ್ಲಿ ಎರಡು ಮೇಲಿನ ತುದಿಯಲ್ಲಿ, ನಡುವಿನಲ್ಲಿ ಇವಳದೊಂದೇ.

ಬಟ್ಟೆ ಒಣಗಿಸುವುದೇ ದೊಡ್ಡ ಪಾಡು. ಬಿಸಿಲು ಬೀಳುವುದು ಮುಂಭಾಗಕ್ಕೆ ಮಾತ್ರ. ಅಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಬಟ್ಟೆ ಹರಡಕೂಡದು ಅಂತ ಸಮಿತಿಯ ಕಟ್ಟಪ್ಪಣೆ. ಹಾಗಾಗಿ ಒದ್ದೆ ಬಟ್ಟೆ ಒಳಕೋಣೆಯಲ್ಲೇ ನೇತಾಡಿ ಮನೆಗೆಲ್ಲ ಮುಗ್ಗಲು ವಾಸನೆ. ಮೊದಲು ಬಟ್ಟೆ ಹರಡಲು ಕಟ್ಟುತ್ತಿದ್ದ ಎರಡು ಬಿದಿರುಗಳು ಮೂಲೆ ಸೇರಿ ಧೂಳು ತಿನ್ನುತ್ತಿದ್ದವು. ಬಾಗಿಲು ತೆರೆದಿಟ್ಟರೆ ಒಳಗೆ ಇಣುಕುತ್ತಾರೆ, ಮುಚ್ಚಿದರೆ ಬಡಿಯುತ್ತಾರೆ. ಒಮ್ಮೆ ಅವಳು ಒಲೆಯ ಮುಂದೆ ಒಗ್ಗರಣೆ ಹಾಕುತ್ತಾ ತಿರುಗಿ ನೋಡಿದರೆ ಹಿಂದೆ ಒಂದು ಕುಟುಂಬವೇ ನಿಂತಿತ್ತು; ವಸ್ತುಸಂಗ್ರಹಾಲಯ ಅಂದುಕೊಂಡಿದ್ದರಂತೆ. ಇನ್ನೊಮ್ಮೆ ಯಾರೋ ತಮ್ಮ ನಾಯಿಗೆ ಬೆತ್ತ ನೆನೆಹಾಕಿದ ತೊಟ್ಟಿಯ ನೀರು ಕುಡಿಸಿದರು. "ಕುಡೀಲಿ ಬಿಡು, ನಾಯಿಯಾದ್ರೂ ಫೋಟೋ ತೆಗೀಲಿಲ್ಲವಲ್ಲ" ಅಂತ ಮೇಸ್ತ್ರಿ ನಕ್ಕಿದ್ದ.

ಸಣ್ಣ ಕೆಂಪು ಬಾವುಟ ಎತ್ತಿಕೊಂಡು ಪ್ರವಾಸಿಗಳನ್ನು ಕರೆತರುವ ಗೈಡ್ ಒಬ್ಬನಿದ್ದ. ಮೂವತ್ತರ ಹುಡುಗಾಟದ ಮನುಷ್ಯ, ಬಾಯಿ ಬಿಟ್ಟರೆ ಬರೀ ಬಣ್ಣದ ಮಾತು. ಬಾವುಟದವನು ಅಂತಲೇ ಅವನ ಹೆಸರು. ಬೆತ್ತದಕ್ಕನ ಮುಂದೆ ಗುಂಪನ್ನು ನಿಲ್ಲಿಸಿ, ಅವಳಿಗೆ ಕಿವಿಯೇ ಇಲ್ಲವೆಂಬಂತೆ ಶುರುಮಾಡುತ್ತಿದ್ದ. ಒಂದು ದಿನ ಅವಳು ದಬ್ಬಣ ಕೆಳಗಿಟ್ಟು ಕೇಳಿದಳು: "ಏನಪ್ಪಾ ಅದು, ನಮ್ಮ ಮನೆತನ ಏಳು ತಲೆಮಾರಿಂದ ಇಲ್ಲೇ ಬೆತ್ತ ಹೆಣೀತಿದೆ ಅಂದ್ಯಲ್ಲ? ನನ್ನ ಮಾವ ಎತ್ತಿನ ಗಾಡಿ ಹೊಡೀತಿದ್ದವರು."

"ಅಕ್ಕಾ, ಪ್ರೀತಿಯಿಂದ ಏಳು ಕೊಟ್ಟಿದೀನಿ. ಜಾಸ್ತಿಯಾಯ್ತು ಅಂದ್ರೆ ನಾಳೆಯಿಂದ ನಾಲ್ಕಕ್ಕೆ ಇಳಿಸ್ತೀನಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಂಥವನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವೂ ಇರಲಿಲ್ಲ.

ಹೀಗಿರುವಾಗ ಮೇಸ್ತ್ರಿ ಬಿದ್ದ. ಒಂದು ಬೆಳಿಗ್ಗೆ ಹಾಲು ತರಲು ಇಳಿಯುತ್ತಾ, ಮಂಜಿನಿಂದ ನೆನೆದ ಮೆಟ್ಟಿಲ ಮೇಲೆ, ತಾನೇ ಕೂರಿಸಿದ ಕಲ್ಲಿನ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡ. ಬೋಲ್ಟು ಹಾಕಿ ಕೂರಿಸಿದರು, ಆದರೆ ಮೆಟ್ಟಿಲು ಇಳಿಯುವ ಕಾಲು ಮತ್ತೆ ಬರಲಿಲ್ಲ. ನಾಲ್ಕು ಹೆಜ್ಜೆ ಹಾಕಿದರೆ ಮುಖವೆಲ್ಲ ಬೆವರು. ಇಣುಕುವವರ ಕಾಟವಿಲ್ಲದ ಮಹಡಿಯ ಕೋಣೆಗೆ ಅವನನ್ನು ಹೊತ್ತು ಸೇರಿಸಿದರು; ಅದೇ ಅವನ ಊರಾಯಿತು. ಕಿಟಕಿಯ ಪಕ್ಕ ಕೂರಲು ಬೆತ್ತದಕ್ಕ ಅವನ ಮೈ ಅಳತೆಗೆ, ತೋಳು ಅಗಲಿಸಿ, ಬೆನ್ನು ಎತ್ತರಿಸಿ ಒಂದು ಕುರ್ಚಿ ಹೆಣೆದುಕೊಟ್ಟಳು.

ಮೊದಲು ಅವನಿಗೆ ಅದು ಖುಷಿಯೇ. ಕೆಳಗಿನಿಂದ ಜನ ಕೈಬೀಸುತ್ತಿದ್ದರು, ಅವನೂ ಬೀಸುತ್ತಿದ್ದ. ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಿದ್ದ. ಸಮಿತಿಯವರು ಅಚ್ಚು ಹಾಕಿಸಿದ ಬಣ್ಣದ ಪುಸ್ತಕದಲ್ಲಿ ಅವನ ಕಿಟಕಿಯ ಚಿತ್ರ ಬಂತು: ಹಸಿರು ಚೌಕಟ್ಟು, ಬಿಳಿ ಗೋಡೆ, ನಡುವೆ ಬಿಳಿ ಮೀಸೆಯ ಮುದುಕ. ಆಮೇಲೆ ಒಂದು ದಿನ ಕಿಟಕಿ ಮುಚ್ಚಿದ. ಮರುದಿನವೂ ತೆರೆಯಲಿಲ್ಲ.

"ಯಾಕ್ರೀ, ಗಾಳಿ ಬೇಡ್ವಾ?" ಅಂತ ಅವಳು ಕೇಳಿದಳು.

"ಬೆಳಿಗ್ಗೆಯಿಂದ ನಾನೂರು ಜನ ನೋಡಿದ್ರು ಕಣೇ. ಒಬ್ಬನೂ ಹೇಗಿದೀರಾ ಅಂತ ಕೇಳಲಿಲ್ಲ."

ಐದನೇ ದಿನ ಕಾರ್ಯದರ್ಶಿ ಏದುಸಿರು ಬಿಡುತ್ತಾ ಹತ್ತಿ ಬಂದ. ಒಳ್ಳೆಯ ಮಾತಿನ ಮನುಷ್ಯ, ಹೊಸಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ. "ತಾಯಿ, ಹತ್ತರಿಂದ ಐದರವರೆಗಾದ್ರೂ ಆ ಕಿಟಕಿ ತೆಗೆದಿಟ್ರೆ ಉಪಕಾರ. ಪುಸ್ತಕದಲ್ಲಿ ಇದೆ ನೋಡಿ, ಜನ ಹುಡುಕ್ತಾರೆ."

"ನನ್ನ ಗಂಡ ಗೋಡೆಗೆ ಹಾಕಿದ ಗಡಿಯಾರ ಅಲ್ಲ ಸ್ವಾಮಿ" ಅಂದಳು ಅವಳು. "ಆ ಮಾತು ಇರಲಿ. ಗೋಡೆ ಹಿಡಿದು ಇಳಿಯೋಕೆ ಒಂದು ಕಂಬಿ ಹಾಕಿಕೊಡಿ ಅಂತ ಅರ್ಜಿ ಕೊಟ್ಟಿದ್ದೆ. ಮೂರು ಸಲ ಕೊಟ್ಟೆ."

ಕಾರ್ಯದರ್ಶಿ ಕತ್ತು ತುರಿಸಿಕೊಂಡ. "ಕಂಬಿ ಹಾಕಿದ್ರೆ ಬೀದಿಯ ಮೂಲ ರೂಪಕ್ಕೆ ಧಕ್ಕೆ ಬರುತ್ತೆ ತಾಯಿ. ನಾನೊಬ್ಬನೇ ಆಗಿದ್ರೆ ಹಾಕಿಸ್ತಿದ್ದೆ."

ಅವನು ಹೋದ ಮೇಲೆ ಅವಳು ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಕೂತಳು. ಬಾಗಿಲಾಚೆ ಯಾರೋ ನಿಂತು ಫೋಟೋಕ್ಕೆ ಒಂದು ಎರಡು ಮೂರು ಎಣಿಸುತ್ತಿದ್ದರು. ಆ ಕಲ್ಲಿನ ಮನೆಯೊಳಗೆ ಮೇಲೊಬ್ಬ ಕೆಳಗೊಬ್ಬಳು. ಅವನನ್ನು ಬಿಟ್ಟು ಒಂದು ಗಂಟೆ ದೂರ ಹೋಗುವಂತಿಲ್ಲ, ಕರೆದುಕೊಂಡು ಒಂದು ಹೆಜ್ಜೆ ಇಳಿಯುವಂತಿಲ್ಲ. ಕೆಳಗಿನ ಪಟ್ಟಣದಲ್ಲಿ ಅವಳ ತಂಗಿ ಇದ್ದಳು, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ತಂಗಿಯ ಮನೆಗೆ ಅವಳು ಹೋಗಿ ಎರಡು ವರ್ಷವಾಗಿತ್ತು.

ಆ ವರ್ಷದ ದೊಡ್ಡ ರಜೆಯಲ್ಲಿ, ಹಗಲು ಹನ್ನೊಂದರ ಹೊತ್ತಿಗೆ ಮೇಲಿನಿಂದ ಒಂದು ಕೂಗು ಕೇಳಿತು. ಅವಳು ಓಡಿದಳು. ಮೇಸ್ತ್ರಿ ಹೊಟ್ಟೆ ಹಿಡಿದು ಮುದುಡಿಕೊಂಡಿದ್ದ. ತೊಡೆಸಂದಿಯ ಹತ್ತಿರ ಹಳೆಯ ಅಂಡವಾಯುವಿನ ಗಂಟು ಕಲ್ಲಿನಂತೆ ಗಟ್ಟಿಯಾಗಿತ್ತು, ಮುಟ್ಟಿದರೆ ಚೀರುತ್ತಿದ್ದ. ಫೋನು ಮಾಡಿದ್ದಕ್ಕೆ ಆಂಬುಲೆನ್ಸ್ ಬಯಲಿಗೆ ಬಂದು ನಿಂತಿತು. ಸ್ಟ್ರೆಚರ್ ಹಿಡಿದ ಇಬ್ಬರು ಮೂವತ್ತನೇ ಮೆಟ್ಟಿಲಿನವರೆಗೆ ಹತ್ತಿ, ಜನಸಂದಣಿಯಲ್ಲಿ ಸಿಕ್ಕಿಕೊಂಡು, "ಬರೋಕಾಗ್ತಿಲ್ಲ ಅಮ್ಮಾ, ತಿರುವಿನಲ್ಲಿ ಇದು ತಿರುಗೋದೂ ಇಲ್ಲ, ಹೇಗಾದ್ರೂ ಮಾಡಿ ನೀವೇ ಇಳಿಸಿ" ಅಂತ ಫೋನಿನಲ್ಲಿ ಹೇಳಿದರು.

ಜೀವ ಬಾಯಿಗೆ ಬಂತು ಅವಳಿಗೆ. ಆದರೂ ಕೈ ನಿಲ್ಲಲಿಲ್ಲ. ಪಕ್ಕದ ವಸತಿಗೃಹದಲ್ಲಿ ಪೆಟ್ಟಿಗೆ ಹೊರುವ ಅಣ್ಣ ತಮ್ಮ ಇಬ್ಬರಿದ್ದರು, ಅವರನ್ನು ಕೂಗಿದಳು. ಅಣ್ಣ ಮೇಸ್ತ್ರಿಯನ್ನು ಬೆನ್ನಿಗೆ ಹಾಕಿಕೊಂಡು ಮಹಡಿ ಇಳಿಸಿದ, ತಮ್ಮ ಕುರ್ಚಿ ತಂದ. ಅವಳು ಮೂಲೆಯ ಎರಡು ಬಿದಿರುಗಳನ್ನು ಎಳೆದು ಕುರ್ಚಿಯ ತೋಳಿನಡಿ ಇಟ್ಟು, ತೊಟ್ಟಿಯಲ್ಲಿ ನೆನೆದಿದ್ದ ಬೆತ್ತದಿಂದ ಬಿಗಿದಳು. ಎಂಟು ಸುತ್ತು, ಗಂಟು, ಮತ್ತೆ ಎಂಟು ಸುತ್ತು. ಬೆರಳು ಸೀಳಿ ರಕ್ತ ಬಂದದ್ದು ಆಸ್ಪತ್ರೆಯಲ್ಲಿ ಯಾರೋ ತೋರಿಸಿದ ಮೇಲೆಯೇ ಅವಳಿಗೆ ಗೊತ್ತಾದದ್ದು. ಮೇಸ್ತ್ರಿಯನ್ನು ಕೂರಿಸಿ, ತನ್ನ ಸೀರೆಯೊಂದರಿಂದ ಸೊಂಟಕ್ಕೆ ಕಟ್ಟಿದಳು. ಅಣ್ಣ ಹಿಂದೆ, ತಮ್ಮ ಮುಂದೆ, ಹೆಗಲಿಗೆ ಬಿದಿರು.

ಬಾಗಿಲು ತೆರೆದರೆ ಜನ ಗೋಡೆ ಕಟ್ಟಿದ ಹಾಗೆ ನಿಂತಿದ್ದರು.

"ದಾರಿ ಬಿಡಿ! ಕಾಯಿಲೆ ಮನುಷ್ಯ! ದಾರಿ ಬಿಡಿ!" ಅಂತ ಅವಳು ಕಿರುಚಿದಳು. ಎಲ್ಲಿಯದೋ ಜನ, ಅರ್ಧ ಮಂದಿಗೆ ಅವಳ ಮಾತೇ ತಿಳಿಯದು. ತಿಳಿದವರಿಗೂ ಸರಿಯಲು ಜಾಗವಿಲ್ಲ. ಮುಂದಿನವರು ನಿಂತರು, ಹಿಂದಿನವರು ಒತ್ತಿದರು. ಕೈಗಳೆಲ್ಲ ಫೋನು ಹಿಡಿದು ಮೇಲೆದ್ದವು. ನಾಲ್ಕು ಮೆಟ್ಟಿಲು ಇಳಿಯಲು ನಾಲ್ಕು ನಿಮಿಷವಾಯಿತು. ಮೇಸ್ತ್ರಿಯ ತುಟಿ ನೀಲಿಗೆ ತಿರುಗುತ್ತಿತ್ತು.

ಆಗ ಕೆಳಗಿನಿಂದ ಕೆಂಪು ಬಾವುಟ ಕಾಣಿಸಿತು. ಬಾವುಟದವನು ಮೇಸ್ತ್ರಿಯ ಮುಖ ನೋಡಿದ, ಅವಳ ಮುಖ ನೋಡಿದ. ಕ್ಷಣ ಮಾತ್ರ. ಆಮೇಲೆ ಒಂದು ಕಟ್ಟೆಯ ಮೇಲೆ ಹಾರಿ ನಿಂತು, ಬಾವುಟ ಎತ್ತಿ, ತನಗೆ ಬರುವ ಮೂರು ಭಾಷೆಯಲ್ಲೂ ಕೂಗತೊಡಗಿದ. ಅವನೇನು ಹೇಳಿದನೋ ಅವಳಿಗೆ ತಿಳಿಯಲಿಲ್ಲ. ಜನ ಮಾತ್ರ ಮಂತ್ರ ಹಾಕಿದಂತೆ ಎರಡು ಪಕ್ಕದ ಗೋಡೆಗೆ ಬೆನ್ನು ಅಂಟಿಸಿ ನಿಂತರು. ನಡುವೆ ದಾರಿ ತೆರೆಯಿತು. ಚಪ್ಪಾಳೆ ಶುರುವಾಯಿತು. ಕುರ್ಚಿ ಇಳಿಯುತ್ತಾ ಹೋದಂತೆ ಚಪ್ಪಾಳೆಯೂ ಜೊತೆಗೇ ಇಳಿಯಿತು. ಒಬ್ಬ ಹೆಂಗಸು ತನ್ನ ಟೋಪಿಯಲ್ಲಿದ್ದ ಹೂವು ಕಿತ್ತು ಮೇಸ್ತ್ರಿಯ ತೊಡೆಯ ಮೇಲೆ ಹಾಕಿದಳು. ನೋವಿನಲ್ಲಿ ಅವನು ಕೈ ಎತ್ತಿದ್ದನ್ನು ಅವರು ಆಶೀರ್ವಾದ ಅಂದುಕೊಂಡರು. ಇನ್ನೂ ಜೋರಾಗಿ ತಟ್ಟಿದರು. ಬೆತ್ತದಕ್ಕ ಕುರ್ಚಿಯ ತೋಳು ಹಿಡಿದು, ಯಾರ ಮುಖವನ್ನೂ ನೋಡದೆ, ಹಲ್ಲು ಕಚ್ಚಿಕೊಂಡು ಇಳಿದಳು.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಸಿಕ್ಕಿಬಿದ್ದಿದ್ದ ಕರುಳನ್ನು ಬಿಡಿಸಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಕೈಮೀರುತ್ತಿತ್ತು ಅಂದರು ಡಾಕ್ಟರು. ಸಂಜೆ ಅವಳು ಹೊರಗೆ ಬಂದರೆ ಬಾವುಟದವನು ಬೆಂಚಿನ ಮೇಲೆ ಕೂತಿದ್ದ, ಬಾವುಟ ಸುತ್ತಿ ಜೇಬಿಗಿಟ್ಟುಕೊಂಡು.

"ಏನಪ್ಪಾ ಹೇಳಿದೆ ಅವರಿಗೆ?"

ಅವನು ತಲೆ ತಗ್ಗಿಸಿದ. "ಹಿಂದಿನ ಕಾಲದಲ್ಲಿ ಊರಿನ ಹಿರಿಯನನ್ನ ಹೀಗೆ ಕುರ್ಚಿಯಲ್ಲಿ ಹೊತ್ತು ಇಳಿಸ್ತಿದ್ರು, ವರ್ಷಕ್ಕೆ ಒಂದೇ ದಿನ, ನೋಡಿದವರು ಪುಣ್ಯವಂತರು, ದಾರಿ ಬಿಟ್ಟು ನಿಲ್ಲಬೇಕು, ಅಂದೆ. ಕಾಯಿಲೆ ಅಂದಿದ್ರೆ ನೋಡೋಕೆ ಇನ್ನೂ ಹತ್ತಿರ ಬರ್ತಿದ್ರು ಅಕ್ಕಾ. ಬೈಯೋದಾದ್ರೆ ಬೈದುಬಿಡಿ."

ಅವನ ಕೆನ್ನೆಗೆ ಬಾರಿಸಬೇಕೋ ಕೈ ಮುಗಿಯಬೇಕೋ ಅವಳಿಗೆ ತೋಚಲಿಲ್ಲ. ಎರಡನ್ನೂ ಮಾಡಲಿಲ್ಲ. "ಏನಾದ್ರೂ ತಿಂದ್ಯಾ?" ಅಂತ ಕೇಳಿದಳು.

ಇನ್ನು ಮೆಟ್ಟಿಲಿನ ಸುದ್ದಿಯೇ ಬೇಡ ಅಂದರು ಡಾಕ್ಟರು. ಮೇಸ್ತ್ರಿಯನ್ನು ಆಸ್ಪತ್ರೆಯಿಂದ ನೇರ ತಂಗಿಯ ಮನೆಗೆ ಕರೆದೊಯ್ದರು. ಎರಡೇ ಕೋಣೆ, ಆದರೆ ನೆಲಮಟ್ಟದ ಮನೆ. ಬಾಗಿಲು ದಾಟಿದರೆ ಸಪಾಟು ರಸ್ತೆ. ತಿಂಗಳು ಕಳೆಯುವಷ್ಟರಲ್ಲಿ ಮೇಸ್ತ್ರಿ ವಾಕರ್ ಹಿಡಿದು ಟೀ ಅಂಗಡಿಯವರೆಗೆ ಹೋಗತೊಡಗಿದ. ಅಲ್ಲಿ ಕೂತವರ ಜೊತೆ ಕಲ್ಲು, ಸಿಮೆಂಟು, ರಾಜಕೀಯ ಎಲ್ಲ ಮಾತಾಡಿ ಬರುತ್ತಿದ್ದ. ಮುಖಕ್ಕೆ ಬಣ್ಣ ಬಂತು.

ಬೆತ್ತದಕ್ಕ ಮಾತ್ರ ಗುಡ್ಡದ ಮನೆಯಲ್ಲೇ ಉಳಿದಳು. ಸಹಿ ಹಾಕಿದ ಆ ಕಾಗದದಲ್ಲಿ ಒಂದು ಸಾಲಿತ್ತು: ಮೂರು ತಿಂಗಳು ವಾಸವಿಲ್ಲದೆ ಬಿದ್ದ ಮನೆಯನ್ನು ಸಮಿತಿ ವಹಿಸಿಕೊಳ್ಳಬಹುದು. ಅದನ್ನು ಅವಳಿಗೆ ಓದಿ ಹೇಳಿದವನು ಕಾರ್ಯದರ್ಶಿಯೇ, ತುಂಬ ಮರ್ಯಾದೆಯಿಂದ. ಮಾರೋಣವೆಂದರೂ ಸಮಿತಿಗೇ ಮಾರಬೇಕು, ಅದಕ್ಕೆ ಮೇಸ್ತ್ರಿಯ ಒಪ್ಪಿಗೆ ಬೇಕು. ಮೇಸ್ತ್ರಿ ಒಪ್ಪುವವನಲ್ಲ. ಹಾಗಾಗಿ ಅವಳು ಹಗಲು ಹೊಸಿಲಲ್ಲಿ ಕೂತು ಹೆಣೆಯುವುದು, ಸಂಜೆ ಬಸ್ಸು ಹಿಡಿದು ಗಂಡನನ್ನು ನೋಡಿ ಬರುವುದು, ಕೊನೆಯ ಬಸ್ಸಿಗೆ ಹಿಂದಿರುಗಿ ಎಂಬತ್ತೇಳು ಮೆಟ್ಟಿಲು ಹತ್ತುವುದು. ಮಂಡಿ ನೋವು ಶುರುವಾಯಿತು. ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಕುರ್ಚಿಯ ವಿಡಿಯೋ ಊರೂರು ಸುತ್ತಿತ್ತು. ಬಂದವರೆಲ್ಲ ಆ ಮೆರವಣಿಗೆ ಯಾವಾಗ ಅಂತ ಕೇಳುವವರೇ. ಕಾರ್ಯದರ್ಶಿ ಮತ್ತೆ ಹತ್ತಿ ಬಂದ.

"ತಾಯಿ, ಪ್ರತಿ ಶನಿವಾರ ಒಂದು ಸಲ ಮಾಡೋಣ ಅಂತ ಸಮಿತಿ ತೀರ್ಮಾನ. ಆ ಕುರ್ಚಿ ಕೊಟ್ರೆ... ನೀವೇ ಕೂತರೂ ಚೆಂದ."

"ಅವತ್ತು ಅವರು ಸಾಯ್ತಾ ಇದ್ರು ಸ್ವಾಮಿ."

"ಗೊತ್ತು ತಾಯಿ."

"ಗೊತ್ತಿದ್ದೂ ಕೇಳ್ತಿದೀರಲ್ಲ."

ಕಾರ್ಯದರ್ಶಿ ತಲೆ ಬಗ್ಗಿಸಿ ಚಪ್ಪಲಿ ಮೆಟ್ಟಿಕೊಂಡು ಹೋದ. ಕುರ್ಚಿಯನ್ನು ಅವಳು ಕೊಡಲಿಲ್ಲ. ಅವರು ಪೇಟೆಯಿಂದ ಇನ್ನೊಂದು ತರಿಸಿದರು. ಮೇಲಿನ ತುದಿಯ ಒಬ್ಬ ಮುದುಕನನ್ನು ಒಪ್ಪಿಸಿ ಕೂರಿಸಿದರು. ಹೊರುವವರು ಅದೇ ಅಣ್ಣ ತಮ್ಮ. ಬಾವುಟದವನು ಮಾತ್ರ ಆ ಕೆಲಸಕ್ಕೆ ಬರಲಿಲ್ಲ. ಬೇರೆ ಗೈಡ್ ಬಂದ. ಮೊದಲ ಶನಿವಾರ ಚಪ್ಪಾಳೆಯ ಸದ್ದು ಮೇಲಿನಿಂದ ಇಳಿದು ಬರುವುದು ಕೇಳಿದಾಗ ಬೆತ್ತದಕ್ಕ ಬಾಗಿಲು ಹಾಕಿ, ಅಗುಳಿ ಜಡಿದು, ಒಳಕೋಣೆಗೆ ಹೋಗಿ ಎರಡೂ ಕಿವಿ ಮುಚ್ಚಿಕೊಂಡು ಕೂತಳು.

ಅಂದೇ ಸಂಜೆ ತಂಗಿಯ ಮನೆಯಲ್ಲಿ ಅವಳು ಗಂಡನ ಎದುರು ಕೂತು ಹೇಳಿದಳು: "ನಾನೂ ಇಲ್ಲಿಗೇ ಬಂದುಬಿಡ್ತೀನಿ ರೀ."

ಅವನು ಬಟ್ಟಲು ಕೆಳಗಿಟ್ಟ. "ಮತ್ತೆ ಮನೆ?"

"ಹೋಗ್ಲಿ."

"ಹೋಗ್ಲಿ ಅಂದ್ರೆ? ನಮ್ಮಪ್ಪ ಕಟ್ಟಿದ ಗೋಡೆ ಅದು. ಸಮಿತಿಯವರ ಪಾಲು ಮಾಡಲಾ? ಸ್ವಲ್ಪ ದಿನ ತಡ್ಕೋ. ನೀನಿದ್ದೀಯಲ್ಲ ಅಂತ ನಾನಿಲ್ಲಿ ನೆಮ್ಮದಿಯಾಗಿದ್ದೀನಿ."

"ಹೌದು, ನೀವು ನೆಮ್ಮದಿಯಾಗಿದ್ದೀರಿ" ಅಂದಳು. ದನಿ ಏರಲಿಲ್ಲ. "ಗೋಡೆ ನಿಮ್ಮಪ್ಪನದು, ಮೆಟ್ಟಿಲು ನಿಮ್ಮದು. ಅದರೊಳಗೆ ಕೂತಿರೋಳು ನಾನು. ನೀವು ಇಳಿದ್ರಿ. ನಿಮ್ಮನ್ನ ನಾನೇ ಕುರ್ಚಿ ಕಟ್ಟಿ ಇಳಿಸಿದೆ. ನನ್ನನ್ನ ಯಾರು ಇಳಿಸ್ತಾರೆ?"

ತಂಗಿ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲಿಸಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಹೀಗೆ ಮಾತಾಡಿದ್ದು ಮೇಸ್ತ್ರಿಗೆ ನೆನಪಿರಲಿಲ್ಲ. ಅವಳು ಕೊನೆಯ ಬಸ್ಸಿಗೆ ಎದ್ದು ಹೋದಳು. ನಾಲ್ಕು ದಿನ ಕೆಳಗೆ ಇಳಿಯಲಿಲ್ಲ.

ಐದನೇ ದಿನ ತಂಗಿಯ ಫೋನು ಬಂತು. "ಅಕ್ಕಾ, ಭಾವ ಸರಿಯಾಗಿ ಊಟ ಮಾಡ್ತಿಲ್ಲ. ನಿನ್ನ ಹತ್ರ ಮಾತಾಡಬೇಕಂತೆ."

ಫೋನಿನಲ್ಲಿ ಮೇಸ್ತ್ರಿ ಬಹಳ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ: "ಮನೆ ಬಿಡೋಕೆ ನನ್ನ ಕೈಲಿ ಆಗಲ್ಲ ಕಣೇ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ವಾರವೆಲ್ಲ ಅಲ್ಲೇ ಇರು ಅಂತ ಆ ಕಾಗದದಲ್ಲಿ ಬರೆದಿಲ್ಲವಂತೆ. ಟೀ ಅಂಗಡಿಗೆ ಬರೋ ವಕೀಲರಿಗೆ ತೋರಿಸಿದೆ. ವಾರಕ್ಕೆ ನಾಲ್ಕು ದಿನ ಇದ್ರೂ ವಾಸ ಅಂತಲೇ ಲೆಕ್ಕವಂತೆ. ಮೂರು ದಿನ ಇಲ್ಲಿಗೆ ಬಾ. ಕೆಲಸಾನೂ ಇಲ್ಲೇ ಮಾಡು. ತೊಟ್ಟಿ ಇಡೋಕೆ ಜಾಗ ಮಾಡಿಸಿದೀನಿ."

ಅವಳು ಕೇಳಿದ್ದು ಅದಲ್ಲ. ಆದರೆ ಅವನ ಕೈಲಿ ಆದದ್ದು ಅಷ್ಟೇ ಅಂತ ಅವಳಿಗೆ ಗೊತ್ತಾಯಿತು. "ಸರಿ" ಅಂದಳು.

ಸೋಮವಾರ ಅವಳು ಒಂದು ಕಟ್ಟು ಬೆತ್ತ ಹೊತ್ತು ಇಳಿದಳು. ತಂಗಿಯ ಮನೆಯ ಮುಂದೆ ಚಾಪೆ ಹಾಸಿಕೊಂಡು ಕೂತಳು. ಜನ ಹೋದರು, ಬಂದರು. ಯಾರೂ ನಿಲ್ಲಲಿಲ್ಲ. ಯಾರೋ ನೋಡುತ್ತಿದ್ದಾರೆ ಅಂತ ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ತಾನಾಗಿಯೇ ಸಡಿಲವಾಯಿತು. ಒಬ್ಬಾಕೆ ತರಕಾರಿ ಚೀಲ ಇಳಿಸಿ, "ಊಟದ ಮನೆಯ ಕುರ್ಚಿ ನಾಲ್ಕು ಹರಿದಿವೆ, ಮಾಡಿಕೊಡ್ತೀರಾ?" ಅಂತ ಕೇಳಿ, ವಿಳಾಸ ಹೇಳಿ ಹೋದಳು. ಬೆತ್ತದಕ್ಕ ಒಗೆದ ಸೀರೆಯನ್ನು ರಸ್ತೆಗೇ ಕಾಣುವ ಹಾಗೆ ಹಗ್ಗದ ಮೇಲೆ ಹರಡಿದಳು. ಒಂದೂವರೆ ಗಂಟೆಯಲ್ಲಿ ಗರಿಗರಿ ಒಣಗಿತು. ಮೇಸ್ತ್ರಿ ವಾಕರ್ ಹಿಡಿದು ಪಕ್ಕದಲ್ಲಿ ಬಂದು ನಿಂತ. "ಇಲ್ಲಿ ಗಾಳಿ ಚೆನ್ನಾಗಿದೆ ಅಲ್ವಾ?" ಅಂದ. ಅವಳು ಹೂಂ ಅಂದಳು.

ಗುರುವಾರ ಬೆಳಿಗ್ಗೆ ಅವಳು ಮತ್ತೆ ಬಸ್ಸು ಹತ್ತಿದಳು. ಬಯಲಿನಲ್ಲಿ ಆಗಲೇ ಏಳೆಂಟು ಬಸ್ಸು ನಿಂತಿದ್ದವು. ಗುಂಪಿನ ನಡುವೆ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದು, ಹದಿನೈದು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದಳು. ತಿರುವಿನಲ್ಲಿ ಬಾವುಟದವನು ಸಿಕ್ಕಿದ. "ಅಕ್ಕಾ, ಮೂರು ದಿನ ಬಾಗಿಲು ಹಾಕಿತ್ತು. ಬಂದವರೆಲ್ಲ ಕೇಳಿದ್ರು, ಏನು ಹೇಳ್ಲಿ ಅಂತ ಗೊತ್ತಾಗಲಿಲ್ಲ."

"ತಂಗಿ ಮನೆಗೆ ಹೋಗಿದ್ದಾಳೆ ಅನ್ನು."

"ಅಷ್ಟೇನಾ?"

"ಅಷ್ಟೇ."

ಅವಳ ಮನೆಯ ಹೊಸಿಲ ಮೇಲೆ ಇಬ್ಬರು ಕೂತು ಹಣ್ಣು ತಿನ್ನುತ್ತಿದ್ದರು. ಬೀಗದ ಕೈ ತೋರಿಸಿದ ಮೇಲೆ ಎದ್ದರು. ಮನೆಯೊಳಗೆ ಗಾಳಿಯಿಲ್ಲದೆ ಮುಗ್ಗಲು ಹಿಡಿದಿತ್ತು. ಅವಳು ಮಹಡಿ ಹತ್ತಿ ಕಿಟಕಿ ತೆರೆದಳು. ಕೆಳಗೆ ಯಾರೋ "ಅಲ್ಲಿ, ಅಲ್ಲಿ" ಅಂತ ಬೆರಳು ತೋರಿಸಿದರು. ಅವಳು ತಕ್ಷಣ ಹಿಂದೆ ಸರಿದು, ಗೋಡೆಗೆ ಒರಗಿ ನಿಂತಳು. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ ಅಂತ ಬೆರಳು ಮಡಚಿದಳು. ಆಮೇಲೆ ಕೆಳಗಿಳಿದು, ತೊಟ್ಟಿಗೆ ನೀರು ತುಂಬಿ, ಬೆತ್ತ ನೆನೆಹಾಕಿದಳು.